ನಾಲ್ಕು ಬೆರಳು ಸಾಲದ ಕೇಬಲ್

ಕೇಬಲ್ ನಾಲ್ಕು ಬೆರಳಷ್ಟು ಸಾಲಲಿಲ್ಲ. ಆ ದಿನದ ಫಜೀತಿಗೆಲ್ಲ ಅಷ್ಟೇ ಕಾರಣ.

ಕಣ್ಣಾಸ್ಪತ್ರೆಯ ಎರಡನೇ ಮಹಡಿಯಲ್ಲಿ, ಕನ್ನಡಕದ ಕೌಂಟರಿಗೂ ಪೊರಕೆ ಬಕೆಟ್ ಇಡುವ ಗೂಡಿಗೂ ನಡುವೆ ಒಂದು ಇಕ್ಕಟ್ಟಾದ ಕೋಣೆ. ಅದರೊಳಗೆ ಆಳೆತ್ತರದ ಕಬ್ಬಿಣದ ರ‍್ಯಾಕ್. ರ‍್ಯಾಕಿನಲ್ಲಿ ನಾಲ್ಕು ಚಪ್ಪಟೆ ಪೆಟ್ಟಿಗೆಗಳು. ಇವೇ ನೆಟ್‌ವರ್ಕ್ ಸ್ವಿಚ್‌ಗಳು. ಆಸ್ಪತ್ರೆಯ ಕಂಪ್ಯೂಟರು, ಕಣ್ಣು ಸ್ಕ್ಯಾನ್ ಮಾಡುವ ಯಂತ್ರ, ಟೋಕನ್ ನಂಬರು ತೋರಿಸುವ ಬೋರ್ಡು, ಎಲ್ಲದರ ತಂತಿಯೂ ಕೊನೆಗೆ ಬಂದು ಸೇರುವುದು ಈ ನಾಲ್ಕಕ್ಕೇ. ಇವನ್ನು ನೋಡಿಕೊಳ್ಳುವುದಕ್ಕೆ ಹನ್ನೆರಡು ವರ್ಷದಿಂದ ಒಬ್ಬಳೇ ಒಬ್ಬ ಹೆಂಗಸು. ಅವಳ ಕೆಲಸ ಸ್ವಿಚ್ಚಿನದು ಎಂದು ಕೇಳಿದ ನರ್ಸುಗಳು ವಾರ್ಡಿನಲ್ಲಿ ಫ್ಯಾನ್ ನಿಂತರೂ ಅವಳನ್ನೇ ಕರೆಯುತ್ತಿದ್ದರು. ಮೊದಮೊದಲು ರೇಗುತ್ತಿದ್ದಳು. ಆಮೇಲೆ ಬ್ಯಾಗಿನಲ್ಲಿ ಒಂದು ಟೆಸ್ಟರ್ ಇಟ್ಟುಕೊಂಡಳು. ಹಾಗಾಗಿ ಅವಳು ಎಲ್ಲರ ಬಾಯಲ್ಲೂ ಸ್ವಿಚ್ಚಕ್ಕ.

ನಾಲ್ಕು ಸ್ವಿಚ್ಚುಗಳೂ ಪಾಲಾದ ಅಣ್ಣತಮ್ಮಂದಿರ ಹಾಗೆ ಒಂದೇ ಸೂರಿನಡಿ ಬೇರೆ ಬೇರೆ ಒಲೆ ಹೂಡಿಕೊಂಡಿದ್ದವು. ಒಂದೊಂದಕ್ಕೂ ಬೇರೆಯಾಗಿ ಹೇಳಬೇಕು, ಒಂದೊಂದನ್ನೂ ಬೇರೆಯಾಗಿ ಓಲೈಸಬೇಕು. ಅವನ್ನು ಹಿಂದಿನಿಂದ ಕೇಬಲ್‌ಗಳಲ್ಲಿ ಬೆಸೆದುಬಿಟ್ಟರೆ ನಾಲ್ಕೂ ಒಂದೇ ಸ್ವಿಚ್ಚಿನಂತೆ ದುಡಿಯುತ್ತವೆ, ಒಂದು ಮುನಿಸಿಕೊಂಡರೂ ಉಳಿದವು ಮನೆ ತೂಗಿಸುತ್ತವೆ ಎಂದು ಅವಳು ಆಸ್ಪತ್ರೆಯ ಮುಖ್ಯಸ್ಥರಾದ ದೊಡ್ಡ ಡಾಕ್ಟರಿಗೆ ವರ್ಷದಿಂದ ಹೇಳುತ್ತಾ ಬಂದಿದ್ದಳು. ಕೊನೆಗೆ ಅವರು, ಮಾಡಿ ಮುಗಿಸಿ, ಆಮೇಲೆ ಹತ್ತು ದಿನ ರಜೆ ತಗೊಂಡು ನಿಮ್ಮಕ್ಕನ ಮನೆಗೆ ಹೋಗಿಬನ್ನಿ ಎಂದಿದ್ದರು. ಅಕ್ಕ ಹೊಸ ಮನೆ ಕಟ್ಟಿಸಿ, ಅದರ ಬಣ್ಣ ಮಾಸುತ್ತಾ ಬಂದಿತ್ತು. ತಂಗಿ ಇನ್ನೂ ಹೊಸ್ತಿಲು ತುಳಿದಿರಲಿಲ್ಲ.

ಬೆಸೆಯುವುದಕ್ಕೆ ಎರಡು ಕಡೆ ಜಾಗವಿತ್ತು. ಸ್ವಿಚ್ಚಿನ ಮುಂಭಾಗದಲ್ಲಿ ವೇಗದ ಪೋರ್ಟುಗಳು, ಅಂದರೆ ಕೇಬಲ್ ಸಿಕ್ಕಿಸುವ ಕಿಂಡಿಗಳು, ಇದ್ದವು, ಆದರೆ ಅವನ್ನು ಸ್ಕ್ಯಾನ್ ಯಂತ್ರಗಳು ಆಗಲೇ ಹಿಡಿದು ಕೂತಿದ್ದವು. ಬೆನ್ನಿನಲ್ಲಿ ಎಡಕ್ಕೊಂದು ಬಲಕ್ಕೊಂದು ಬೇರೆಯೇ ಪೋರ್ಟು ಇದ್ದವು, ಇದೇ ಕೆಲಸಕ್ಕೆಂದು ಮಾಡಿದವು. ಅವಳು ಬೆನ್ನಿನವನ್ನೇ ಆರಿಸಿದಳು. ಅವುಗಳ ಕೇಬಲ್ ಅರ್ಧ ಮೀಟರು, ಒಂದು ಮೀಟರು, ಮೂರು ಮೀಟರು ಹೀಗೆ ಸಿಗುತ್ತದೆ. ಗಂಡ ದರ್ಜಿ. ಅವನ ಅಳತೆ ಟೇಪು ತಂದು ಮೊದಲನೇ ಸ್ವಿಚ್ಚಿನಿಂದ ನಾಲ್ಕನೆಯದಕ್ಕೆ ಹಿಡಿದು ನೋಡಿದಳು. ನಲವತ್ತೈದು ಸೆಂಟಿಮೀಟರು. ಅರ್ಧ ಮೀಟರು ಧಾರಾಳವಾಯಿತು ಎಂದುಕೊಂಡು ಅಂಥವೇ ನಾಲ್ಕು ಬೇಕೆಂದು ಬರೆದುಕೊಟ್ಟಳು. ಬರೆದದ್ದು ಬರುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು.

ಕೆಲಸಕ್ಕೆ ದೊಡ್ಡ ಡಾಕ್ಟರು ಕೊಟ್ಟದ್ದು ಮಧ್ಯಾಹ್ನ ಒಂದರಿಂದ ಎರಡು, ಹೊರರೋಗಿಗಳ ವಿಭಾಗ ಊಟಕ್ಕೆ ಮುಚ್ಚುವ ಒಂದು ಗಂಟೆ. ಮೊದಲನೆಯದರಿಂದ ಎರಡನೆಯದಕ್ಕೆ, ಎರಡರಿಂದ ಮೂರಕ್ಕೆ, ಮೂರರಿಂದ ನಾಲ್ಕಕ್ಕೆ, ಮೂರು ಕೇಬಲ್ ಹದವಾಗಿ ಕೂತವು. ನಾಲ್ಕನೆಯದು ಕೆಳಗಿನಿಂದ ಮೇಲಕ್ಕೆ ಹೋಗಿ ಮೊದಲನೆಯದನ್ನು ಸೇರಬೇಕು. ಮಕ್ಕಳು ಕೈಕೈ ಹಿಡಿದು ಸುತ್ತಾಗಿ ನಿಲ್ಲುತ್ತಾರಲ್ಲ, ಹಾಗೆ. ಕೇಬಲ್ ಹೆಬ್ಬೆರಳಿನಷ್ಟು ದಪ್ಪ, ಸೆಟೆದ ಸ್ವಭಾವದ್ದು. ಎರಡೂ ತುದಿಯಲ್ಲಿ ಬಾಗಿ ತಿರುಗುವುದಕ್ಕೇ ಅದಕ್ಕೆ ಅರ್ಧ ಗೇಣು ಬೇಕಾಯಿತು. ಎಳೆದಳು, ತೀಡಿದಳು, ಮೊಣಕಾಲೂರಿ ಕೂತು ಬೇಡಿಕೊಂಡಳು. ನಾಲ್ಕು ಬೆರಳು ಕಡಿಮೆಯೇ ಉಳಿಯಿತು.

ಗಂಡನಿಗೆ ಫೋನ್ ಮಾಡಿದಳು. ಅವನು ಹೊಲಿಗೆ ಯಂತ್ರ ನಿಲ್ಲಿಸಿ ಎಲ್ಲ ಕೇಳಿಸಿಕೊಂಡ.

"ಮಡಚಿ ಹೊಲಿಯೋದಕ್ಕೆ ಬಟ್ಟೆ ಬಿಡಲಿಲ್ವಾ ನೀನು?" ಎಂದ.

ಹದಿನೆಂಟು ವರ್ಷ ದರ್ಜಿಯ ಜೊತೆ ಬಾಳಿಯೂ ಈ ಮಾತು ಕೇಳಬೇಕಾಯಿತಲ್ಲ ಎಂದು ಅವಳಿಗೆ ಕೇಬಲ್ಲಿಗಿಂತ ಹೆಚ್ಚು ಬೇಜಾರಾಯಿತು.

ಸುದ್ದಿ ಹೊರಗೆ ಹೋಗಲು ಹೊತ್ತು ಹಿಡಿಯಲಿಲ್ಲ. ಮೊದಲು ಬಂದವರು ಸ್ಟೋರ್ ಕೀಪರು. ಒಂದು ಮೀಟರಿನ ಕೇಬಲ್ ಬೇಕೆಂದರೆ ಮತ್ತೆ ಅರ್ಜಿ, ಮತ್ತೆ ನಾಲ್ಕು ತಿಂಗಳು ಎಂದು ಬಾಗಿಲಲ್ಲೇ ಹೇಳಿದರು. ಆಮೇಲೆ ಒಳಗೆ ಇಣುಕಿ, ನಾಲ್ಕೂ ಒಂದಕ್ಕೊಂದು ಸೇರಿವೆಯಲ್ಲ, ಅಲ್ಲಿಂದ ಪುನಃ ವಾಪಸ್ ಯಾಕೆ ಬರಬೇಕು ಎಂದು ಕೇಳಿದರು. ಸುತ್ತು ಪೂರ್ತಿಯಾಗದಿದ್ದರೆ, ನಡುವಿನದೊಂದು ಕೆಟ್ಟ ದಿನ ಅದರ ಕೆಳಗಿನವು ದಿಕ್ಕಿಲ್ಲದಂತಾಗುತ್ತವೆ, ಸುತ್ತಿದ್ದರೆ ಮಾತು ಇನ್ನೊಂದು ಕಡೆಯಿಂದ ಬಂದು ಮುಟ್ಟುತ್ತದೆ ಎಂದು ಅವಳು ವಿವರಿಸಿದಳು. ಸ್ಟೋರ್ ಕೀಪರು ತಲೆಯಾಡಿಸಿದರು. ಅರ್ಥವಾದವರು ಆಡಿಸುವ ಹಾಗೆ ಅಲ್ಲ.

ಎರಡನೆಯವನು ಎಲೆಕ್ಟ್ರಿಷಿಯನ್. ಸ್ವಿಚ್ಚೆಂಬ ಪದದ ಮೇಲಿನ ಹಕ್ಕು ತನ್ನದೆಂದು ಹನ್ನೆರಡು ವರ್ಷದಿಂದ ನಂಬಿದ್ದ ಮನುಷ್ಯ. ಕಟ್ಟಿಂಗ್ ಪ್ಲೇಯರ್, ಕಪ್ಪು ಟೇಪು ಹಿಡಿದೇ ಬಂದಿದ್ದ.

"ಕತ್ತರಿಸಿ ಮಧ್ಯ ಒಂದು ತುಂಡು ಸೇರಿಸಿಬಿಡ್ತೀನಮ್ಮ. ಎರಡು ನಿಮಿಷದ ಕೆಲಸ."

"ಬೇಡಣ್ಣ. ಇದರೊಳಗೆ ಕೂದಲಿನಂಥ ಎಳೆಗಳಿರ‍್ತವೆ. ಕತ್ತರಿಸಿದರೆ ಮುಗೀತು."

"ಹಾಗಾದರೆ ಕೆಳಗಿನ ಪೆಟ್ಟಿಗೇನೇ ನಾಲ್ಕು ಬೆರಳು ಮೇಲಕ್ಕೆ ಎತ್ತೋಣ," ಎಂದವನೇ, ಅವಳು ಕೇಬಲ್ ಪಕ್ಕಕ್ಕಿಡುವಷ್ಟರಲ್ಲಿ ಎರಡು ಸ್ಕ್ರೂ ಬಿಚ್ಚಿಯೇಬಿಟ್ಟ. ಮೇಲಕ್ಕೆ ಎತ್ತಲು ಮೇಲೆ ಜಾಗವಿರಲಿಲ್ಲ. ಅಲ್ಲಿ ತಂತಿಗಳ ಪಟ್ಟಿಯೊಂದು ಕೂತಿತ್ತು. ನಾಲ್ಕನೇ ಸ್ವಿಚ್ಚು ಒಂದು ಕಡೆ ಜೋತು, ಬೀಳುವ ಹಲ್ಲಿನಂತೆ ಅಲುಗಾಡಿತು. ಅದನ್ನು ಹಿಡಿಯಲು ಹೋಗಿ ಎಲೆಕ್ಟ್ರಿಷಿಯನ್ ಮೊಣಕೈಯಿಂದ ಅದರ ಕರೆಂಟಿನ ಪ್ಲಗ್ ಉದುರಿಸಿದ. ಬಿಚ್ಚಿದ ಸ್ಕ್ರೂಗಳಲ್ಲಿ ಒಂದು ರ‍್ಯಾಕಿನ ಅಡಿಗೆ ಉರುಳಿತು. ಅದನ್ನು ಪೊರಕೆಯ ಕಡ್ಡಿಯಿಂದ ಹೊರಗೆಳೆಯಲು ಹೆಣಗುತ್ತಿರುವಾಗಲೇ ಎರಡು ಗಂಟೆ ದಾಟಿ ಹೊರರೋಗಿಗಳ ವಿಭಾಗ ತೆರೆಯಿತು.

ನಾಲ್ಕನೇ ಸ್ವಿಚ್ಚನ್ನು ನೆಚ್ಚಿಕೊಂಡಿದ್ದದ್ದು ಟೋಕನ್ ಬೋರ್ಡು. ಊಟಕ್ಕೆ ಮೊದಲು ತೋರಿಸಿದ ನಲವತ್ತೇಳರಲ್ಲೇ ಅದು ಕಲ್ಲಾಗಿ ನಿಂತಿತ್ತು. ಬಾಗಿಲಲ್ಲಿ ನಿಂತ ಆಯಾಗೆ ಬೋರ್ಡು ಹೇಳಿದ್ದೇ ಕಾನೂನು. ನಲವತ್ತೆಂಟನೆಯವರು ತಮ್ಮ ಚೀಟಿ ತೋರಿಸಿದರೂ ಕೂರಿಸಿ, ನಲವತ್ತೇಳನೆಯವರನ್ನೇ ಒಳಗೆ ಕಳಿಸುತ್ತಿದ್ದಳು.

ಎರಡೂವರೆಗೆ ಕೋಣೆಯ ಬಾಗಿಲಲ್ಲಿ ಒಬ್ಬ ಅಜ್ಜ ಬಂದು ನಿಂತ. ಎಡಗಣ್ಣಿಗೆ ಬಿಳಿ ಪಟ್ಟಿ, ಕೈಯಲ್ಲಿ ನಲವತ್ತೇಳರ ಚೀಟಿ.

"ಆ ಬೋರ್ಡು ಇಲ್ಲಿಂದಲೇ ನಡೆಯೋದಂತೆ, ಹೌದಾ ತಾಯಿ? ನನ್ನನ್ನ ಮೂರು ಸಲ ಒಳಗೆ ಕಳಿಸಿದ್ರು. ಒಂದು ಕಣ್ಣು ಆಗಲೇ ಕಟ್ಟಿದ್ದಾರೆ. ಇನ್ನೊಂದು ಸಲ ಹೋದರೆ ಇದನ್ನೂ ಕಟ್ಟಿ ಕಳಿಸ್ತಾರೆ."

ಸ್ವಿಚ್ಚಕ್ಕ ತಪ್ಪಾಯಿತೆಂದು ಕೈ ಮುಗಿದಳು. ಸ್ಕ್ರೂ ಬಿಗಿದು, ಪ್ಲಗ್ ಹಾಕಿ, ಬೋರ್ಡು ಮತ್ತೆ ನಡೆಯುವಂತೆ ಮಾಡುವುದಕ್ಕೆ ಐದು ನಿಮಿಷ ಸಾಕಿತ್ತು. ಆದರೆ ಸುತ್ತು ಮಾತ್ರ ತೆರೆದೇ ಇತ್ತು. ಅಜ್ಜ ಹೋಗಲಿಲ್ಲ. ರ‍್ಯಾಕಿನ ಬೆನ್ನಿಗೆ ಬಂದು, ಒಂಟಿ ಕಣ್ಣನ್ನು ಕಿರಿದು ಮಾಡಿ ಕೇಬಲ್‌ಗಳನ್ನೇ ನೋಡುತ್ತ ನಿಂತ. ನಲವತ್ತು ವರ್ಷ ಬೆತ್ತದ ಕುರ್ಚಿ ಹೆಣೆದವನಂತೆ. ನಾಲ್ಕನ್ನೂ ಸುತ್ತಾಗಿ ಸೇರಿಸಬೇಕು, ಉದ್ದ ಸಾಲದು, ಅಷ್ಟೇ ತಾನೇ ಎಂದು ಕೇಳಿದ. ಅಷ್ಟೇ ಎಂದಳು.

"ಸಾಲಾಗಿ ಹೋದರೆ ವಾಪಸ್ ಬರೋ ದಾರಿ ಉದ್ದ ಆಗುತ್ತೆ. ಹೋಗುವಾಗ ಒಂದು ಬಿಟ್ಟು ಹೋಗಿ. ಬರುವಾಗ ಬಿಟ್ಟದ್ದನ್ನ ಹಿಡಿದು ಬನ್ನಿ."

ಅವಳು ರ‍್ಯಾಕ್ ನೋಡಿದಳು, ಅಜ್ಜನನ್ನು ನೋಡಿದಳು, ಮತ್ತೆ ರ‍್ಯಾಕ್ ನೋಡಿದಳು. ಮೊದಲನೆಯದರಿಂದ ಎರಡನೆಯದನ್ನು ಬಿಟ್ಟು ಮೂರಕ್ಕೆ. ಮೂರರಿಂದ ನಾಲ್ಕಕ್ಕೆ. ನಾಲ್ಕರಿಂದ, ಬಿಟ್ಟಿದ್ದ ಎರಡಕ್ಕೆ. ಎರಡರಿಂದ ಒಂದಕ್ಕೆ. ಯಾವ ಕೇಬಲ್ಲೂ ಒಂದು ಸ್ವಿಚ್ಚಿಗಿಂತ ಹೆಚ್ಚು ದಾಟಬೇಕಾಗಿಲ್ಲ. ಹನ್ನೆರಡು ವರ್ಷದ ತನ್ನ ವಿದ್ಯೆಗೆ ಇಷ್ಟು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾದರೂ ಕೈ ಆಗಲೇ ಕೆಲಸ ಹಿಡಿದಿತ್ತು. ನಾಲ್ಕನೇ ಕೇಬಲ್ ಕಟಕ್ಕೆಂದು ಕೂತಾಗ ಎರಡು ಬೆರಳು ಮಿಕ್ಕಿತ್ತು. ದೀಪಗಳು ಒಂದೊಂದಾಗಿ ಹಸಿರಾದವು. ಪರದೆಯ ಮೇಲೆ ನಾಲ್ಕು ಹೆಸರಿದ್ದ ಕಡೆ ಒಂದೇ ಹೆಸರು ನಿಂತಿತು. ಪರೀಕ್ಷೆಗೆಂದು ಎರಡನೆಯದರ ಕರೆಂಟು ತೆಗೆದು ನೋಡಿದಳು. ಉಳಿದ ಮೂರೂ ಜಗ್ಗಲಿಲ್ಲ. ಮತ್ತೆ ಹಾಕಿದಳು. ಅಜ್ಜನಿಗೆ ಟೀ ತರಿಸಿಕೊಟ್ಟಳು. ಎಲೆಕ್ಟ್ರಿಷಿಯನ್ ತಾನೂ ಅದನ್ನೇ ಹೇಳಬೇಕೆಂದಿದ್ದೆ ಎಂದ.

ಮೂರೂವರೆಗೆ ದೊಡ್ಡ ಡಾಕ್ಟರು ಬಂದು ನೋಡಿ ಸಂತೋಷಪಟ್ಟರು. ತಾಂತ್ರಿಕ ಮಾತೆಲ್ಲ ಬೇಡ, ತಮಗೂ ಅರ್ಥವಾಗುವ ಒಂದೇ ಸಾಲಿನಲ್ಲಿ ವರದಿ ಬರೆದುಕೊಡಿ, ರಜೆ ಚೀಟಿಯನ್ನೂ ಅದರ ಜೊತೆಗೇ ಇಡಿ ಎಂದರು. ಅವಳು ದುಂಡಗೆ ಬರೆದಳು: "ಇಂದಿನಿಂದ ನಮ್ಮ ಆಸ್ಪತ್ರೆಯ ನಾಲ್ಕು ಸ್ವಿಚ್‌ಗಳು ಸೇರಿ ಒಂದೇ ಸ್ವಿಚ್ ಆಗಿವೆ." ಕೆಳಗೆ ಸಹಿ ಹಾಕಿದಳು. ಅಕ್ಕನಿಗೆ ಫೋನ್ ಮಾಡಿ ನಾಳೆ ಹೊರಡುತ್ತೇನೆ ಎಂದಳು.

ನಾಲ್ಕು ಗಂಟೆಗೆ ದಾಸ್ತಾನು ತಪಾಸಣೆಯವರು ಬಂದರು. ಮೇಲಿನ ಕಚೇರಿಯಿಂದ ವರ್ಷಕ್ಕೊಮ್ಮೆ ಬಂದು, ಆಸ್ಪತ್ರೆಯ ವಸ್ತುಗಳೆಲ್ಲ ಇದ್ದಲ್ಲೇ ಇವೆಯೇ ಎಂದು ನೋಡಿಹೋಗುವ ಅಧಿಕಾರಿ. ಹೇಗೂ ಕಣ್ಣಾಸ್ಪತ್ರೆಗೆ ಬಂದಿದ್ದೇನೆ ಎಂದು ಮೊದಲು ತಮ್ಮ ಕಣ್ಣು ತೋರಿಸಿಕೊಂಡಿದ್ದರು. ಪಾಪೆ ಹಿಗ್ಗಿಸುವ ಔಷಧಿ ಬಿಟ್ಟಿದ್ದರಿಂದ ಅವರಿಗೆ ಜಗತ್ತೆಲ್ಲ ಮಂಜು. ಸ್ಟೋರ್ ಕೀಪರು ಕೈ ಹಿಡಿದು ನಡೆಸಿಕೊಂಡು ಬಂದರು, ಪರದೆಯ ಮೇಲೆ ಕಾಣುವ ಯಂತ್ರಗಳ ಹೆಸರನ್ನು ಕಂಪ್ಯೂಟರೇ ಬರೆದುಕೊಟ್ಟ ಪಟ್ಟಿಯನ್ನು ಓದಿ ಹೇಳುವ ಕೆಲಸವೂ ಅವರದೇ ಆಯಿತು.

"ಸ್ವಿಚ್ಚು, ರಿಜಿಸ್ಟರಿನಲ್ಲಿ ನಾಲ್ಕು. ಪಟ್ಟಿಯಲ್ಲಿ ಒಂದು," ಎಂದು ಸ್ಟೋರ್ ಕೀಪರು ಓದಿದರು.

ಸ್ವಿಚ್ಚಕ್ಕ ತಪಾಸಣೆಯವರನ್ನು ರ‍್ಯಾಕಿನ ಹತ್ತಿರ ಕರೆದೊಯ್ದು, ನಾಲ್ಕೂ ಇಲ್ಲಿವೆ ನೋಡಿ ಎಂದಳು. ಅವರಿಗೆ ಒಂದು ಕಪ್ಪು ಗೋಡೆ, ಅದರ ಮೇಲೆ ಹಸಿರು ಮಂಜು ಕಂಡಿತು. ಅವಳು ಅವರ ಕೈ ಹಿಡಿದು ಒಂದೊಂದನ್ನೂ ಮುಟ್ಟಿಸಿದಳು. ಅವರು ಸಹನೆಯಿಂದ ಮುಟ್ಟಿದರು.

"ಮೇಡಂ, ಕೈಗೆ ನಾಲ್ಕು ಸಿಗ್ತವೆ, ಇಲ್ಲ ಅನ್ನಲ್ಲ. ಆದರೆ ಮುಟ್ಟಿ ಎಣಿಸೋಕೆ ನಮ್ಮ ನಿಯಮದಲ್ಲಿ ಅವಕಾಶ ಇಲ್ಲ. ಕಾಗದದಲ್ಲಿ ಏನಿದೆ ಅದು ಮುಖ್ಯ."

ಕಾಗದವೇ ಬೇಕೆಂದರೆ ಇದೆಯಲ್ಲ ಎಂದು ಸ್ಟೋರ್ ಕೀಪರು, ನಿಜಕ್ಕೂ ಅವಳಿಗೆ ಸಹಾಯ ಮಾಡುವ ಉದ್ದೇಶದಿಂದಲೇ, ಅವಳ ವರದಿಯನ್ನು ತಂದು ಗಟ್ಟಿಯಾಗಿ ಓದಿದರು. ತಪಾಸಣೆಯವರು ಇನ್ನೊಮ್ಮೆ ಓದಿಸಿದರು. ಪಟ್ಟಿಯೂ ಒಂದು ಅನ್ನುತ್ತದೆ, ಉಸ್ತುವಾರಿಯವರು ಸಹಿ ಮಾಡಿದ ವರದಿಯೂ ಒಂದು ಅನ್ನುತ್ತದೆ, ನಾಲ್ಕು ಅನ್ನುತ್ತಿರುವುದು ಅವರ ಬಾಯಿ ಮಾತ್ರ ಎಂದರು. ಮೂರು ಸ್ವಿಚ್ ಕಾಣೆ ಎಂದು ಬರೆಸಿ, ಸ್ಟೋರ್ ಕೀಪರು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಹಾಕಿದರು.

ಕೇಬಲ್ ಬಿಚ್ಚಿಬಿಡುತ್ತೇನೆ, ಪಟ್ಟಿಯಲ್ಲಿ ಮತ್ತೆ ನಾಲ್ಕು ಬರುತ್ತದೆ ಎಂದು ಅವಳು ದೊಡ್ಡ ಡಾಕ್ಟರ ಹತ್ತಿರ ಓಡಿದಳು. ಟೋಕನ್ ತೊಂಬತ್ತೆರಡರವರೆಗೆ ಸರಾಗವಾಗಿ ನಡೆದಿದೆ, ಅದರ ತಂಟೆಗೆ ಹೋಗಬೇಡಿ ಎಂದು ಅವರು ತಡೆದರು. ಕಾಣೆಯಾದ ವಸ್ತುವಿನ ವಿಚಾರಣೆ ಮುಗಿಯುವವರೆಗೆ ಉಸ್ತುವಾರಿಯವರು ಊರು ಬಿಡುವ ಹಾಗಿಲ್ಲ ಎಂದು ರಜೆ ಚೀಟಿಯನ್ನು ಬಹಳ ಬೇಸರದಿಂದಲೇ ಹಿಂದಕ್ಕೆ ಕೊಟ್ಟರು. ಅವಳ ಮುಖ ನೋಡಿ ಅವರಿಗೂ ಕೆಡುಕೆನಿಸಿತು.

"ನೀವೇನೂ ಹೆದರಬೇಡಿ. ನಿಮ್ಮ ಮೇಲೆ ಒಂದು ಮಾತೂ ಬರದ ಹಾಗೆ ನಾನು ನೋಡ್ಕೋತೀನಿ. ಕಳೆದುಹೋದ ಮೂರರ ಬದಲಿಗೆ ಹೊಸ ಮೂರು ತರಿಸೋಕೆ ಈಗಲೇ ಸಹಿ ಹಾಕಿದ್ದೀನಿ. ಅವು ಬಂದ ತಕ್ಷಣ ಇದಕ್ಕೇ ಸೇರಿಸಿ, ಎಲ್ಲಾ ಒಂದೇ ಮಾಡಿಬಿಡಿ. ಮುಂದಿನ ತಪಾಸಣೆಗೆ ಯಾರೂ ಏನೂ ಕೇಳೋ ಹಾಗಿರಬಾರದು."

ಸ್ವಿಚ್ಚಕ್ಕ ಹೊರಗೆ ಬಂದು, ಗೋಡೆಗೊರಗಿ, ಬೆರಳು ಮಡಚಿ ಲೆಕ್ಕ ಹಾಕಿದಳು. ರಿಜಿಸ್ಟರಿನಲ್ಲಿ ನಾಲ್ಕಕ್ಕೆ ಮೂರು ಸೇರಿ ಏಳು, ಪಟ್ಟಿಯಲ್ಲಿ ಒಂದೇ. ಮುಂದಿನ ವರ್ಷ ಕಾಣೆಯಾಗುವುದು ಆರು.