ಹುಳಿ ಚೆಲ್ಲದ ಕಾರು

ಹಳೆಯ ಕಾರು ಇಟ್ಟುಕೊಂಡವನ ಮನೆಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಹೊಸ ಕಾರಿನವರಿಗೆ ಹೇಳಿಕೊಳ್ಳಲು ಏನೂ ಇರುವುದಿಲ್ಲ, ಪಾಪ.

ನಾನು ಸಿಡ್ನಿಯ ಒಂದು ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವನು. “ಅಲ್ಲಾಡಬೇಡಿ, ಉಸಿರು ಹಿಡೀರಿ, ಈಗ ಬಿಡಿ” ಎಂದು ದಿನವಿಡೀ ಹೇಳುತ್ತಿರುತ್ತೇನೆ. ಎಲ್ಲಿ ಮುರಿದಿದೆ ಎಂದು ತೋರಿಸುವವರೆಗೆ ನನ್ನ ಕೆಲಸ, ಸರಿ ಮಾಡುವವರು ಬೇರೆ. ಮನೆಯ ಗರಾಜಿಗೆ ಬಂದಾಗ ಈ ವ್ಯತ್ಯಾಸ ನನಗೆ ಮರೆತುಹೋಗುತ್ತದೆ.

೧. ಹುಳಿ

ಗರಾಜಿನಲ್ಲಿರುವುದು ನನಗಿಂತ ವಯಸ್ಸಾದ ಜಪಾನಿ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಕೂತರೆ ರಸ್ತೆಯ ಮೇಲೇ ಕೂತ ಹಾಗೆ. ಒಂದು ಭಾನುವಾರ ಕ್ವೇಕರ್ಸ್ ಹಿಲ್‌ನ ನಮ್ಮ ಮನೆಯಿಂದ ವೆಸ್ಟ್‌ಮೀಡಿನ ಸ್ನೇಹಿತರ ಮನೆಗೆ ಊಟಕ್ಕೆ ಹೊರಟೆವು. ಹೆಂಡತಿಯ ತೊಡೆಯ ಮೇಲೆ ಒಂದು ಡಬ್ಬಿ ಹುಳಿ. ರಸ್ತೆಯ ಮೊದಲನೇ ಹಂಪಿನಲ್ಲಿ ಕಾರಿನ ಹಿಂಭಾಗ ಮೇಲೆದ್ದಿತು, ಕೂತಿತು, ಮತ್ತೆ ಎದ್ದಿತು. ಮೂರನೆಯ ಸಲ ಎದ್ದಾಗ ಹುಳಿಯೂ ಎದ್ದಿತು.

ಹಿಂದಿನ ಒಂದೊಂದು ಚಕ್ರಕ್ಕೂ ಒಂದೊಂದು ಕಬ್ಬಿಣದ ಕೊಳವೆ, ಅದರೊಳಗೆ ಶಾಕ್ ಅಬ್ಸಾರ್ಬರ್, ಹೊರಗೆ ಸ್ಪ್ರಿಂಗ್. ಇದಕ್ಕೆ ಸ್ಟ್ರಟ್ ಎನ್ನುತ್ತಾರೆ. ಎರಡೂ ಸತ್ತಿವೆ ಎಂದು ವಿವರಿಸಿದೆ. ರೇಷ್ಮೆ ಸೀರೆಯಿಂದ ಬೇಳೆ ತೆಗೆಯುತ್ತಿದ್ದ ಹೆಂಡತಿ ತಾಳ್ಮೆಯಿಂದಲೇ ಕೇಳಿದಳು.

“ಮುಂದಿನ ತಿಂಗಳು ಮೆಲ್ಬರ್ನಿನಲ್ಲಿ ತಂಗಿ ಮನೆ ಗೃಹಪ್ರವೇಶ. ಈ ಕಾರು ಅಲ್ಲೀವರೆಗೂ ಹುಳಿ ಚೆಲ್ಲದೆ ಹೋದರೆ ನಮ್ಮನೇಲಿ ಇರಲಿ. ಚೆಲ್ಲಿದರೆ ಅಲ್ಲೇ ಬಿಟ್ಟು ಬರೋದು. ನಿಮ್ಮ ಷಡ್ಡಕರು ಎರಡು ವರ್ಷದಿಂದ ಕೇಳ್ತಿದ್ದಾರೆ.”

ಷಡ್ಡಕರ ಕೈಗೆ ಈ ಕಾರು ಹೋಗುವುದನ್ನು ನಾನು ನೆನೆಸಿಕೊಳ್ಳಲೂ ಆರೆ. ಅವರು ಸೀಟಿಗೆ ಪ್ಲಾಸ್ಟಿಕ್ ಕವರ್ ಹಾಕುವ ಪೈಕಿ.

೨. ನಟ್ಟು

ಆ ಹೊತ್ತಿಗೆ ಮೈಸೂರಿನಿಂದ ಅತ್ತೆ ಮಾವ ಬಂದಿದ್ದರು. ಮಾವನವರು ಭೌತಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಗರಾಜಿಗೆ ಒಂದು ಕುರ್ಚಿ ತಂದು ಹಾಕಿಕೊಂಡರು.

ಸ್ಟ್ರಟ್ ಬಿಚ್ಚಿ ಇಳಿಸುವುದು ಅರ್ಧ ಕೆಲಸ. ಕೊಳವೆಯ ಬಾಯಿಗೆ ಒಂದು ದಪ್ಪ ನಟ್ಟಿರುತ್ತದೆ, ಅದು ಬಂದರೆ ತಾನೇ ಒಳಗಿನದನ್ನು ಬದಲಾಯಿಸುವುದು. ಐವತ್ತು ವರ್ಷದ ತುಕ್ಕು. ನಾಲ್ಕು ಸಂಜೆ ಎಣ್ಣೆ ಬಿಟ್ಟೆ, ಬೇಡಿಕೊಂಡೆ, ಬೈದೆ, ಜಪ್ಪಯ್ಯ ಅನ್ನಲಿಲ್ಲ.

“ಹಿಡಿ ಉದ್ದ ಮಾಡಿ. ಉದ್ದ ಹೆಚ್ಚಿದಷ್ಟೂ ಬಲ ಹೆಚ್ಚು,” ಎಂದರು ಮಾವ. ಸ್ಪ್ಯಾನರಿನ ಹಿಡಿಗೆ ಆಳುದ್ದದ ಪೈಪು ಸಿಕ್ಕಿಸಿದೆ. ಕೊಳವೆಯನ್ನು ಬೆಂಚಿಗೆ ಕೂರಿಸಿದ್ದ ವೈಸಿನ ಇಕ್ಕಳಕ್ಕೆ ಕಚ್ಚಿಸಿದೆ. ಬೆಂಚು ಅಲುಗಬಾರದೆಂದು ಮಾವನವರು ತಾವೇ ಅದರ ಮೇಲೆ ಹತ್ತಿ ಕೂತರು. ನಾನು ದೇವರನ್ನು ನೆನೆದು ಎಳೆದೆ.

ನಟ್ಟು ತಿರುಗಲಿಲ್ಲ. ಬೆಂಚು ತಿರುಗಿತು. ಮೇಲೆ ಕೂತಿದ್ದ ಮಾವನವರೂ ತಿರುಗಿ ಮುಖ ಗೋಡೆಗಾಯಿತು. ಗಾಬರಿಯಿಂದ “ಏನೂ ಆಗಲಿಲ್ಲ ತಾನೇ?” ಎಂದೆ.

ಅವರು ಗೋಡೆ ನೋಡಿಕೊಂಡೇ ಹೇಳಿದರು: “ಥಿಯರಿ ಸರಿಯಾಗಿದೆ. ಯಾವುದಾದರೂ ಒಂದು ತಿರುಗಲೇಬೇಕಿತ್ತು.”

೩. ಕುಂಕುಮ

ಕೊನೆಗೆ ನಟ್ಟನ್ನು ಬಿಚ್ಚಿಸಿದ್ದು ಅತ್ತೆ. ಉಪ್ಪಿನಕಾಯಿ ಭರಣಿಯ ಮುಚ್ಚಳಕ್ಕೆ ಮಾಡುವಂತೆ ಅದರ ಮೇಲೆ ಎರಡು ಕೆಟಲ್ ಕುದಿನೀರು ಸುರಿದು “ಈಗ ನೋಡಿ” ಎಂದರು. ಬಂತು. ಅಲ್ಲಿಂದ ಗರಾಜಿನಲ್ಲಿ ಅವರದೇ ಅಧಿಕಾರ.

ಹೊಸ ಶಾಕ್ ಅಬ್ಸಾರ್ಬರುಗಳು ಬಂದಾಗ ಅತ್ತೆ ಹೊಸ ವಸ್ತುವೆಂದು ಎರಡಕ್ಕೂ ಅರಿಸಿನ ಕುಂಕುಮ ಹಚ್ಚಿದರು. ಅದೂ ಎಲ್ಲಿಗೆ? ಒಳಗೆ ಹೊರಗೆ ಜಾರುವ ಆ ಹೊಳೆಯುವ ರಾಡಿಗೆ. ಅಲ್ಲಿ ಒಂದು ಕಾಳು ಪುಡಿ ಕೂತರೂ ಸೀಲು ಕೆಟ್ಟು ಎಣ್ಣೆ ಸೋರುತ್ತದೆ. ಅವರು ಒಳಗೆ ಹೋದ ಮೇಲೆ ಒರೆಸಿದೆ. ಬಂದು ನೋಡಿ ಮತ್ತೆ ಹಚ್ಚಿದರು. ಮತ್ತೆ ಒರೆಸಿದೆ.

ಮೂರನೆಯ ಸಲಕ್ಕೆ ನನಗೇ ಬುದ್ಧಿ ಬಂತು. “ಅತ್ತೆ, ಎಡಗಡೆ ಸಾಮಾನಿಗೆಲ್ಲ ಕುಂಕುಮ, ಬಲಗಡೆಯದಕ್ಕೆಲ್ಲ ಅರಿಸಿನ ಹಚ್ಚಿಬಿಡಿ. ರಾಡು ಬಿಟ್ಟು.” ಎಕ್ಸ್-ರೇಯಲ್ಲೂ ಎಡ ಬಲ ಗುರುತು ಹಾಕದೆ ನಾವು ಮುಂದುವರಿಯುವುದಿಲ್ಲ. ಅತ್ತೆಗೆ ಖುಷಿಯಾಯಿತು. ಸಂಜೆಯ ಹೊತ್ತಿಗೆ ಒಂದೊಂದು ವಾಷರೂ ಎಡ ಬಲ ತಪ್ಪದೆ ಸಾಲಾಗಿ ಕೂತಿತ್ತು. ನಡುವೆ ಒಂದಕ್ಕೆ ಮಾತ್ರ ಎರಡೂ ಇತ್ತು.

“ಇದು ಯಾವ ಕಡೆಯದು ಅತ್ತೆ?”

“ಅದು ನಿಮ್ಮ ಮಾವನವರ ಕನ್ನಡಕದ ಡಬ್ಬಿ.”

೪. ತೂಕ

ಮೆಲ್ಬರ್ನಿಗೆ ಹೊರಡುವ ದಿನ ಬೆಳಿಗ್ಗೆ ಉಳಿದದ್ದು ಕೊನೆಯ ಬೋಲ್ಟುಗಳನ್ನು ಬಿಗಿ ಮಾಡುವುದು. ಕಾರಿನಲ್ಲಿ ಇಬ್ಬರು ಕೂತಿರುವಾಗಲೇ ಬಿಗಿ ಮಾಡಬೇಕು, ಇಲ್ಲದಿದ್ದರೆ ರಬ್ಬರ್ ತಿರುಚಿಕೊಳ್ಳುತ್ತದೆ ಎಂದು ಕಾರಿನ ಪುಸ್ತಕದಲ್ಲಿ ಬರೆದಿದೆ. ಹೆಂಡತಿ ಪ್ಯಾಕಿಂಗ್‌ನಲ್ಲಿದ್ದಳು. ಹಾಗಾಗಿ ಮಾವನವರು ಸ್ಟಿಯರಿಂಗ್ ಮುಂದೆ, ಅತ್ತೆ ಪಕ್ಕದಲ್ಲಿ. ಹಿಂದೆ ನಾದಿನಿಗೆ ಕೊಡಬೇಕಾದ ಗ್ರೈಂಡರು, ಕಲ್ಲು ಸಮೇತ. ಅತ್ತೆಯ ಕೈಯಲ್ಲಿ ಪರೀಕ್ಷೆಯ ಹುಳಿ ಡಬ್ಬಿ. ಹೆಂಡತಿ ಬೇಕೆಂದೇ ಸಡಿಲ ಮುಚ್ಚಳ ಹಾಕಿದ್ದಳು.

ನಾನು ಕೆಳಗೆ ತೂರಿಕೊಂಡೆ. ಕಾರು ಅಲುಗುತ್ತಿತ್ತು. ಅಭ್ಯಾಸಬಲದಿಂದ ಕೂಗಿದೆ, “ಅಲ್ಲಾಡಬೇಡಿ. ಉಸಿರು ಹಿಡೀರಿ.”

ಅಷ್ಟರಲ್ಲಿ ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಪಕ್ಕದ ಮನೆಯ ಆಸ್ಟ್ರೇಲಿಯನ್ ನಿಂತು, ಎಲ್ಲಿಗೆ ಹೊರಟಿರಿ ಎಂದು ಕೇಳಿದ. ಮಾವನವರು ಇಂಗ್ಲಿಷಿನಲ್ಲಿ ಗಂಭೀರವಾಗಿ, “ಎಲ್ಲಿಗೂ ಇಲ್ಲ. ನಾವು ಬರೀ ತೂಕ,” ಎಂದರು.

ಕೆಲಸ ಮುಗಿಯಿತು. ಮಾವನವರು ಹೇಗೋ ಹೊರಳಿ ಇಳಿದರು. ಅತ್ತೆಗೆ ಮಂಡಿನೋವು, ಆ ತಗ್ಗು ಸೀಟಿನಿಂದ ಏಳಲಾಗಲಿಲ್ಲ. ನಾನೂ ಹೆಂಡತಿಯೂ ಎಳೆದದ್ದಾಯಿತು. ಅತ್ತೆ ಹುಳಿಯಿಂದ ಕಣ್ಣು ತೆಗೆಯದೆ, “ಹತ್ತಿದ್ದಾಯ್ತಲ್ಲ, ಮೆಲ್ಬರ್ನಿಗೇ ಹೋಗಿ ಇಳೀತೀನಿ,” ಎಂದರು. ವಿಮಾನದಲ್ಲಿ ಹೋಗಬೇಕಾದವರು ಅವರು, ನನ್ನ ಜೊತೆ ಬರಬೇಕಾದವಳು ಹೆಂಡತಿ. ಅವಳು ಅಲ್ಲೇ ನಿಂತು ಫೋನಿನಲ್ಲಿ ತನಗೊಂದು ಟಿಕೆಟ್ ಬುಕ್ ಮಾಡಿದಳು, ನನಗನಿಸಿದಂತೆ ಸ್ವಲ್ಪ ಹೆಚ್ಚೇ ಉತ್ಸಾಹದಿಂದ.

ದಾರಿಯುದ್ದಕ್ಕೂ ಕಾರು ನೀರಿನ ಮೇಲೆ ಹೋದ ಹಾಗೆ ಹೋಯಿತು. ಸಾಮಾನ್ಯವಾಗಿ ಮಾತು ನಿಲ್ಲಿಸದ ಅತ್ತೆ ತುಟಿ ಬಿಚ್ಚಲಿಲ್ಲ. ಅದನ್ನು ನನ್ನ ಸ್ಟ್ರಟ್ಟುಗಳಿಗೆ ಸಂದ ಗೌರವವೆಂದುಕೊಂಡೆ.

ಮೆಲ್ಬರ್ನಿನಲ್ಲಿ ಷಡ್ಡಕರು ಗೇಟಿನಲ್ಲೇ ಕಾದಿದ್ದರು. ಕಾರಿನ ಹಿಂಭಾಗವನ್ನು ಕೈಯಿಂದ ಅದುಮಿದರು. ಒಂದು ಸಲ ಇಳಿಯಿತು, ಏರಿತು, ನಿಂತಿತು. ಬಗ್ಗಿ ನೋಡಿ, “ಕೆಂಪಗೆ ಏನೋ ಸೋರ್ತಿದೆ,” ಎಂದರು ಆಸೆಯಿಂದ. ಕುಂಕುಮ ಎಂದೆ. ಹೆಂಡತಿ ನನ್ನ ಮುಖವನ್ನೂ ನೋಡದೆ ನೇರ ಡಬ್ಬಿಯ ಮುಚ್ಚಳ ತೆಗೆದಳು. ಒಂದು ತೊಟ್ಟೂ ಚೆಲ್ಲಿರಲಿಲ್ಲ.

“ಸರಿ, ಇರಲಿ ಕಾರು,” ಎಂದಳು. ನನಗೆ ನಿಜವಾಗಿ ಕಣ್ಣು ತುಂಬಿತು.

ಅತ್ತೆ ಮಾತ್ರ ಡಬ್ಬಿಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಕಲ್ಲಿನ ಹಾಗೆ ಕೂತೇ ಇದ್ದರು.

“ಅಮ್ಮ, ಬಂದಾಯ್ತು. ಡಬ್ಬಿ ಇಳಿಸು. ಯಾಕೆ ಹೀಗೆ ಕೂತಿದ್ದೀಯ?” ಎಂದಳು ಹೆಂಡತಿ.

ಅತ್ತೆ ತುಟಿ ಅಲುಗಿಸದೆ ಹೇಳಿದರು:

“ಅಲ್ಲಾಡಬೇಡಿ, ಉಸಿರು ಹಿಡೀರಿ ಅಂದ್ರು ಅಳಿಯಂದ್ರು, ಬೆಳಿಗ್ಗೆ. ಬಿಡಿ ಅಂತ ಇನ್ನೂ ಹೇಳಿಲ್ಲ.”