ನಿರ್ಜೀವಿಗಳ ಡಬ್ಬ ಸೇರಿದ ಆಮೆ

"ಪ್ರಾಣಿಗಳ ವರ್ಗೀಕರಣ ಅಂದ್ರೇನು ಬ್ರಹ್ಮವಿದ್ಯೆಯೇ! ನನ್ನ ಕೈಗೆ ಕೊಡಿ, ಮಕ್ಕಳು ನಿದ್ದೆಯಲ್ಲೂ ವಿಂಗಡಿಸ್ತಾರೆ!" ಎಂದು ಲೆಕ್ಕದ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಕೊಚ್ಚಿಕೊಂಡಿದ್ದರು. ವಿಜ್ಞಾನದ ಟೀಚರ್ ರಜೆ ಹಾಕಿದ್ದರಿಂದ ಪಾಠ ಇವರ ಕೊರಳಿಗೆ ಬಿದ್ದಿತ್ತು. ನಾಳೆ ಹೆಡ್‌ಮೇಡಂ ಖುದ್ದಾಗಿ ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಾರೆ. ಮೆಚ್ಚಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆಯೇ ಕಾಯಂ. ಸಾಲದ್ದಕ್ಕೆ, ಮಕ್ಕಳಿಗೆ ತೋರಿಸಲು ಅವರದೇ ಆಮೆಯನ್ನು ಕೇಳಿ ತಂದಿದ್ದರು. ಹೆಡ್‌ಮೇಡಂ ಅದನ್ನು ಸ್ವಂತ ಮಗುವಿನ ಹಾಗೆ ಸಾಕಿದ್ದರು.

ಮನೆಯಲ್ಲಿ ರಿಹರ್ಸಲ್ ಶುರುವಾಯಿತು. ಮೇಷ್ಟ್ರು ಎರಡು ರಟ್ಟಿನ ಡಬ್ಬಗಳಿಗೆ 'ಜೀವಿ', 'ನಿರ್ಜೀವಿ' ಎಂದು ಚೀಟಿ ಅಂಟಿಸಿದರು.

"ನೋಡು ಪುಟ್ಟಿ, ಬೆನ್ನುಮೂಳೆ, ಮೊಟ್ಟೆ, ರೆಕ್ಕೆ ಎಲ್ಲಾ ಆಮೇಲೆ. ಮೊದಲು, ಅಲ್ಲಾಡತ್ತಾ? ತಿನ್ನತ್ತಾ? ಮುಟ್ಟಿದ್ರೆ ಏನಾದ್ರೂ ಮಾಡತ್ತಾ? ಇಲ್ಲ ಅಂದ್ರೆ ನಿರ್ಜೀವಿ. ಈ ಹಳೇ ಸಾಮಾನು, ಆಮೆ ಎಲ್ಲಾ ವಿಂಗಡಿಸಿಡು" ಎಂದು ಮಗಳಿಗೆ ಅಪ್ಪಣೆ ಕೊಟ್ಟು ಸ್ನಾನಕ್ಕೆ ಹೋದರು.

ಬಂದು ನೋಡಿದರೆ ಆಮೆ ಇಲ್ಲ.

"ತುಂಬಾ ಹೊತ್ತು ನೋಡ್ದೆ ಅಪ್ಪ. ಅಲ್ಲಾಡ್ಲಿಲ್ಲ. ಸೊಪ್ಪು ಕೊಟ್ರೆ ತಿನ್ಲಿಲ್ಲ. ತಟ್ಟಿದ್ರೆ ಕಲ್ಲಿನ ಥರ ಇತ್ತು. ನಿರ್ಜೀವಿ ಡಬ್ಬಕ್ಕೆ ಹಾಕ್ದೆ."

"ಡಬ್ಬ ಎಲ್ಲಿ?"

ಅಡುಗೆಮನೆಯಿಂದ ಉತ್ತರ ಬಂತು. ನರ್ಸ್ ಕೆಲಸದ ಹೆಂಡತಿಗೆ ಅವತ್ತು ರಜೆ, ಮನೆ ಚೊಕ್ಕ ಮಾಡುವ ಉಮೇದು. "ಕೆಟ್ಟ ಇಸ್ತ್ರಿಪೆಟ್ಟಿಗೆ, ತುಕ್ಕು ಬೀಗ ಇದ್ದದ್ದು ತಾನೇ? ಗುಜರಿಯವನಿಗೆ ಕೊಟ್ಟೆ ಕಣ್ರೀ. ನೀವು ಕೊಡ್ತೀನಿ ಕೊಡ್ತೀನಿ ಅಂತ ವರ್ಷ ಆಯ್ತು."

ಮೇಷ್ಟ್ರು ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಹೆಂಡತಿಯದು ಮೆಟ್ಟಿ ಎದ್ದುಬಿದ್ದು ಓಡಿದರು. ಗುಜರಿ ಅಂಗಡಿಯಿಂದ ಸುತ್ತಿಗೆ ಸದ್ದು ಕೇಳಿದಾಗ ಓಟ ಇನ್ನೂ ಜೋರಾಯಿತು.

ಆಮೆ ತಕ್ಕಡಿಯ ಮೇಲಿತ್ತು. ಗುಜರಿಯವನು ತಲೆ ಕೆರೆದುಕೊಳ್ಳುತ್ತಿದ್ದ. "ಕಬ್ಬಿಣ ಅಲ್ಲ, ಪ್ಲಾಸ್ಟಿಕ್ಕೂ ಅಲ್ಲ. ಯಾವ ರಾಶಿಗೆ ಹಾಕ್ಲಿ ಸಾರ್?"

ಮೇಷ್ಟ್ರು ಆಮೆಯನ್ನು ಅವುಚಿಕೊಂಡು ಮನೆಗೆ ಬಂದವರೇ, ಅದನ್ನು ನೆಲಕ್ಕಿಳಿಸಿ, ಹೊದಿಕೆ ಎಳೆದುಕೊಂಡು ಉದ್ದಕ್ಕೆ ಬಿದ್ದುಕೊಂಡರು.

ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದ ಸದ್ದು. ಹೆಡ್‌ಮೇಡಂ! "ಆಮೆ ಇಲ್ದೆ ಮನೆ ಬಿಕೋ ಅಂತಿತ್ತು. ಒಂದ್ಸಲ ನೋಡ್ಕೊಂಡು ಹೋಗೋಣ ಅಂತ ಬಂದೆ" ಎಂದವರು ಅಲ್ಲೇ ನಿಂತರು. ಮಲಗಿದ್ದ ಮೇಷ್ಟ್ರ ಹಣೆಯ ಮೇಲೆ 'ನಿರ್ಜೀವಿ' ಎಂಬ ಹೊಸ ಚೀಟಿ ಇತ್ತು.

"ಕರೆದೆ, ಮಾತಾಡ್ಲಿಲ್ಲ. ಬಿಸ್ಕೆಟ್ ಕೊಟ್ಟೆ, ತಿನ್ಲಿಲ್ಲ. ತಟ್ಟಿದೆ, ಅಲ್ಲಾಡ್ಲಿಲ್ಲ" ಎಂದು ಮಗಳು ವರದಿ ಒಪ್ಪಿಸಿದಳು.

ಹೆಂಡತಿ ಗಂಡನ ಕೈ ಹಿಡಿದು ನೋಡಿದರು. "ನಾಡಿ ಇದೆ ಕಣೇ. ಆಮೆ ಥರ ಅಪ್ಪನ್ನೂ ಗುಜರಿಗೆ ಕಳಿಸ್ಬೇಡ."

"ಗುಜರಿಗಾ?" ಎಂದರು ಹೆಡ್‌ಮೇಡಂ.

ಮೇಷ್ಟ್ರು ಒಂದು ಕಣ್ಣು ತೆರೆದರು. ಎದುರಿಗಿದ್ದವರನ್ನು ಕಂಡು, ಮೆಲ್ಲಗೆ ತಲೆಯನ್ನು ಹೊದಿಕೆಯೊಳಗೆ ಎಳೆದುಕೊಂಡರು. ಚೀಟಿ ಕಳಚಿ ಬಿತ್ತು.

ಮಗಳು ಅದನ್ನು ಎತ್ತಿಕೊಂಡಳು. "ತಪ್ಪಾಯ್ತು ಅಮ್ಮ. ಅಪ್ಪ ಆಮೆ ಗುಂಪು."

ಹೆಡ್‌ಮೇಡಂ ಆಮೆಯನ್ನು ಎತ್ತಿಕೊಂಡು ಬಾಗಿಲ ತನಕ ಹೋದವರು ತಿರುಗಿ ನಿಂತರು. "ಮೇಷ್ಟ್ರೇ, ನಾಳೆ ನಿಮ್ಮ ಮಗಳನ್ನೂ ಕರ್ಕೊಂಡು ಬನ್ನಿ. ಪಾಠ ಇವಳು ಮಾಡ್ಲಿ. ಹಿಂದಿನ ಬೆಂಚಲ್ಲಿ ನನ್ನ ಪಕ್ಕ ನಿಮಗೆ ಜಾಗ ಇದೆ."