ಬಾಗಿಲು ಇದೆಯೇ ಎಂದು ಕೇಳಿದ ಗಾಯಕರಿಗೆ

ಪ್ರೇಮಗೀತೆಗೂ ಅಡಿಟಿಪ್ಪಣಿ ಬರೆಯಬಲ್ಲ ಪಾಪ್ ಬ್ಯಾಂಡಿನ ಮೂವರು ವಿದ್ವಾಂಸರಿಗೆ, ತಮ್ಮ ಗಿಟಾರಿಗೆ, ಡ್ರಮ್ಮಿಗೆ, ಎಲ್ಲಕ್ಕಿಂತ ಮಿಗಿಲಾಗಿ ವೇದಿಕೆಯ ಮೇಲೆ ತಮ್ಮ ಬೆನ್ನ ಹಿಂದೆ ಸದಾ ನಿಂತಿರುವ ಆ ಪುಸ್ತಕದ ಕಪಾಟಿಗೆ ಸವಿನಯ ವಂದನೆಗಳು.

ಮಾನ್ಯರೇ,

ನಾನು ಲಿಫ್ಟ್ ರಿಪೇರಿ ಮಾಡುವವನು. ತಮ್ಮ ಹಾಡುಗಳನ್ನು ಅರ್ಥ ಮಾಡಿಕೊಳ್ಳುವ ಯೋಗ್ಯತೆ ನನಗಿಲ್ಲವೆಂದು ನಮ್ಮಕ್ಕ ಬಹಳ ಹಿಂದೆಯೇ ತೀರ್ಮಾನಿಸಿರುವುದರಿಂದ ಆ ವಿಷಯ ಎತ್ತಿ ತಮ್ಮ ಅಮೂಲ್ಯ ಸಮಯವನ್ನು ಹಾಳುಮಾಡುವುದಿಲ್ಲ. ನನ್ನ ಅಹವಾಲು ಇರುವುದು ತಮ್ಮ ಜಾಲತಾಣದ ‘ಅಭಿಮಾನಿಗಳು ಪದೇ ಪದೇ ಕೇಳುವ ಪ್ರಶ್ನೆಗಳು’ ಎಂಬ ಪುಟದ ಬಗ್ಗೆ.

ಆ ಪುಟವನ್ನು ಎಷ್ಟು ಹೊಗಳಿದರೂ ಸಾಲದು. ಬ್ಯಾಂಡಿನ ಹೆಸರಿಗೆ ಅರ್ಥವೇನು ಎಂದು ಯಾರೋ ಪಾಪದವರು ಕೇಳಿದ್ದಾರೆ. ಹೆಸರಿಗೆ ಅರ್ಥ ಇರಬೇಕೆಂದು ನಿಮಗೆ ಹೇಳಿದವರಾರು ಎಂದು ತಾವು ಮರುಪ್ರಶ್ನೆ ಹಾಕಿದ್ದೀರಿ. ಮುಂದಿನ ಆಲ್ಬಂ ಯಾವಾಗ ಎಂದವರಿಗೆ, ಅದು ಗಡಿಯಾರ ಮಾರುವವರನ್ನು ಕೇಳಬೇಕಾದ ಪ್ರಶ್ನೆ ಎಂದಿದ್ದೀರಿ. ಡ್ರಮ್ಮು ಬಾರಿಸುವವರಿಗೆ ಮದುವೆಯಾಗಿದೆಯೇ ಎಂದು ವಿಚಾರಿಸಿದವರಿಗೆ ಓದಿಕೊಳ್ಳಲು ಎರಡು ದಪ್ಪ ಪುಸ್ತಕಗಳನ್ನು ಸೂಚಿಸಿದ್ದೀರಿ. ಇಡೀ ಪುಟದಲ್ಲಿ ನೆಟ್ಟಗಿನ ಉತ್ತರ ದೊರೆತಿರುವುದು ಟೀ ಶರ್ಟ್ ಕೇಳಿದವರಿಗೆ ಮಾತ್ರ: ಸಿಗುತ್ತದೆ, ಚಿಕ್ಕದು, ಮಧ್ಯಮ, ದೊಡ್ಡದು, ಕೊಂಡ ಮೇಲೆ ಬದಲಾಯಿಸಿ ಕೊಡುವುದಿಲ್ಲ. ಆ ಸಾಲು ಬರೆದ ಪುಣ್ಯಾತ್ಮರ ಕೈಗೆ ಹಾಡು ಬರೆಯುವ ಕೆಲಸವನ್ನೂ ಒಪ್ಪಿಸಿದರೆ ಲೋಕಕ್ಕೆ ಉಪಕಾರವಾದೀತು.

ಇನ್ನು ನಮ್ಮಕ್ಕ. ದಂತವೈದ್ಯರೊಬ್ಬರ ಬಳಿ ಸಹಾಯಕಿಯಾಗಿರುವ ಆಕೆ ತಮ್ಮ ಪುಟವನ್ನು ಓದತೊಡಗುವವರೆಗೂ ಒಂದು ಕೇಳಿದರೆ ಎರಡು ಹೇಳುವ ಪೈಕಿ. ಈಗ ಕೆನ್ನೆ ಊದಿಸಿಕೊಂಡು ಬಂದವರು ಹಲ್ಲು ಕಿತ್ತರೆ ನೋಯುತ್ತದೆಯೇ ಎಂದು ಕೇಳಿದರೆ, ನೋವು ಎಂದರೆ ನಿಮ್ಮ ಪ್ರಕಾರ ಏನು ಎಂದು ಕೇಳುತ್ತಾಳೆ. ಒಬ್ಬರು ಆ ಹಲ್ಲನ್ನು ಬಾಯಲ್ಲಿಟ್ಟುಕೊಂಡೇ ಎದ್ದು ಹೋದರಂತೆ.

ಇಷ್ಟೇ ಆಗಿದ್ದರೆ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಆದರೆ ಆ ಕ್ಲಿನಿಕ್ಕಿನ ಎದುರಿಗೇ ಒಂದು ಕನ್ನಡಕದ ಅಂಗಡಿಯಿದೆ. ಅದರ ಯಜಮಾನರು, ಗೋಡೆಯ ಮೇಲಿನ ಅಕ್ಷರಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಓದಿಸಿ ಓದಿಸಿ ತಾಳ್ಮೆ ಕಲಿತವರು, ನನ್ನನ್ನು ಮದುವೆಯಾಗುತ್ತೀರಾ ಎಂದು ಅಕ್ಕನನ್ನು ಕೇಳಿದರು. ಅಂಗಡಿಯನ್ನು ಬೇರೆ ಊರಿಗೆ ಸಾಗಿಸುವವರಿದ್ದು, ಹೊರಡುವ ಮೊದಲು ಉತ್ತರ ತಿಳಿದರೆ ಸಾಕೆಂದರು. ಅಕ್ಕನಿಗೆ ಮನಸ್ಸಿತ್ತು, ಹೆದರಿಕೆಯೂ ಇತ್ತು. ನಲವತ್ತು ದಾಟಿದ ಮೇಲೆ ಯಾರಿಗೆ ಹೆದರಿಕೆಯಾಗುವುದಿಲ್ಲ?

ಆಗ ಆಕೆ ಅಮ್ಮನನ್ನು ಕೇಳಲಿಲ್ಲ, ನನ್ನನ್ನು ಕೇಳಲಿಲ್ಲ, ಆ ಪುಟದಲ್ಲಿ ತಮ್ಮನ್ನು ಕೇಳಿದಳು. ತಮ್ಮದೊಂದು ಹಾಡಿನಲ್ಲಿ ಯಾರೋ ಬಾಗಿಲು ಬಡಿಯುತ್ತಾರೆ, ಒಳಗೊಬ್ಬ ಹೆಂಗಸು ಚಿಲಕದ ಮೇಲೆ ಕೈಯಿಟ್ಟು ನಿಂತಿರುತ್ತಾಳೆ, ಅಲ್ಲಿಗೆ ಹಾಡು ಮುಗಿದುಹೋಗುತ್ತದಲ್ಲ, ಆಕೆ ಕೊನೆಗೆ ಬಾಗಿಲು ತೆರೆದಳೇ ಎಂದು ಕೇಳಿದಳು. ತಾವು ದಯಮಾಡಿ ಹೀಗೆ ಉತ್ತರಿಸಿದಿರಿ: ‘ಬಾಗಿಲು ಇದೆಯೇ?’

ಮರುದಿನ ಕನ್ನಡಕದವರಿಗೂ ಅಕ್ಕನಿಂದ ಅದೇ ಉತ್ತರ ಸಿಕ್ಕಿತು. ಅವರು ತಮ್ಮ ಕನ್ನಡಕವನ್ನು ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಹೋದರು. ಈಗ ಅಂಗಡಿಯ ಸಾಮಾನೆಲ್ಲ ಪೆಟ್ಟಿಗೆ ಸೇರಿದೆ. ಮನೆಯ ಬೆಲ್ ಆದರೆ ಅಕ್ಕ ಕುರ್ಚಿ ಬಿಟ್ಟು ಏಳುವುದಿಲ್ಲ. “ನಿಮ್ಮಕ್ಕಂಗೆ ಈಗ ಬಾಗಿಲು ತೆಗೆಯೋಕೂ ಯಾರಾದ್ರೂ ಅಪ್ಪಣೆ ಕೊಡ್ಬೇಕಾ?” ಎಂದು ಅಮ್ಮ ನನ್ನನ್ನು ಕೇಳುತ್ತಾಳೆ.

ನನಗೆ ನಿಜಕ್ಕೂ ಹೊಟ್ಟೆ ಉರಿಯುವುದು ಇಲ್ಲಿಯೇ, ಮಾನ್ಯರೇ. ‘ತೆರೆದಳು’ ಎಂದು ತಾವು ಒಂದು ಮಾತು ಹೇಳಿದ್ದರೆ ಆಕೆ ನಂಬುತ್ತಿದ್ದಳು. ಬೇರೆ ಯಾರ ಮಾತನ್ನೂ ಆಕೆ ನಂಬುವುದಿಲ್ಲ. ನನ್ನ ಕೆಲಸದಲ್ಲಿ ಬಾಗಿಲು ಒಂದೋ ತೆರೆಯುತ್ತದೆ, ಇಲ್ಲವೋ ಜನ ಒಳಗೆ ಸಿಕ್ಕಿಕೊಂಡು ಕೂಗುತ್ತಾರೆ. ಅಂಥವರನ್ನು ಹೊರಗಿನಿಂದ ಬಾಗಿಲು ಇದೆಯೇ ಎಂದು ಕೇಳುವಷ್ಟು ವಿದ್ಯೆ ನನಗೆ ಹತ್ತಲಿಲ್ಲ.

ಆದ್ದರಿಂದ ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ, ಒಬ್ಬ ಹೆಂಗಸು ಬಾಗಿಲು ತೆರೆದು, ಬನ್ನಿ ಎಂದು, ಕೂರಲು ಕುರ್ಚಿ ಕೊಡುವಷ್ಟೇ ಇರುವ ಒಂದು ಹಾಡನ್ನು ತಾವು ಈ ವಾರದೊಳಗೆ ರಚಿಸಿ, ಊರಿನ ರೇಡಿಯೋಗಳಲ್ಲೆಲ್ಲ ಹಾಕಿಸಬೇಕು. ಅದು ತಮ್ಮ ಘನತೆಗೆ ಕುಂದಾಗುವುದಾದರೆ, ಮೂವರಲ್ಲಿ ಒಬ್ಬರು ಬಂದು ಹಲ್ಲುನೋವಿನವರಿಗೆ ಉತ್ತರ ಕೊಡುತ್ತಾ ಕೂರಬೇಕು. ಕಪಾಟನ್ನೂ ತರಬಹುದು, ಲಿಫ್ಟ್ ಸರಿಯಿದೆ.

ತಮ್ಮ ವಿಶ್ವಾಸಿ,
ತಮ್ಮ ಅಭಿಮಾನಿಯೊಬ್ಬಳ ತಮ್ಮ

ತಾ.ಕ.: ಈ ಪತ್ರವನ್ನು ಲಕೋಟೆಗೆ ಹಾಕುವಷ್ಟರಲ್ಲಿ ನಮ್ಮ ಬಾಗಿಲು ಬಡಿದ ಸದ್ದಾಯಿತು. ನಾನೂ ಅಮ್ಮನೂ ಹಟಕ್ಕೆ ಬಿದ್ದು ಕೂತಲ್ಲೇ ಕೂತೆವು. ಬಡಿತ ನಿಲ್ಲದಿದ್ದಾಗ ಅಕ್ಕನೇ ಹೋಗಿ ಚಿಲಕ ತೆಗೆದಳು. ಕನ್ನಡಕದವರು. ಅಕ್ಕನಿಗೆ ಹಿಡಿಸೀತೆಂದು ತಮ್ಮ ಬ್ಯಾಂಡಿನ ಟೀ ಶರ್ಟ್ ತರಿಸಿ ಹಾಕಿಕೊಂಡಿದ್ದರು. ಅಳತೆ ಬಿಗಿಯಾಗಿ ತೋಳು ಮೇಲೆತ್ತಲಾಗದೆ ಕಾಲಿನಿಂದ ಬಾಗಿಲು ಬಡಿದಿದ್ದರು. ಎದೆಯ ಮೇಲೆ ದಪ್ಪಕ್ಷರದಲ್ಲಿ ತಾವು ಆಗಲೇ ಅಚ್ಚು ಹಾಕಿಸಿಬಿಟ್ಟಿದ್ದ ತಮ್ಮದೇ ವಾಕ್ಯವಿತ್ತು: ‘ಬಾಗಿಲು ಇದೆಯೇ?’ ಅಕ್ಕ ಅದನ್ನು ಓದಿದಳು, ಅವರ ಮುಖ ನೋಡಿದಳು, ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ, “ಇದೆ. ಒಳಗೆ ಬನ್ನಿ,” ಎಂದಳು. ಆ ಶರ್ಟಿನ ಅಂಚಿನಿಂದ ಈಗ ನಮ್ಮ ಭಾವೀ ಭಾವ ಕನ್ನಡಕ ಒರೆಸುತ್ತಿದ್ದಾರೆ. ಗಾಜಿಗೆ ಗೀರು ಬೀಳುತ್ತಿದೆ. ಶರ್ಟನ್ನು ಬದಲಾಯಿಸಿ ಕೊಡುವುದು ಬೇಡ. ಪುಟದಲ್ಲಿರುವ ಆ ಒಂದು ಉತ್ತರವನ್ನು ಬದಲಾಯಿಸಿ: ತೆರೆದಳು.